ಮೊತ್ತದ ಗೆರೆ ಇಲ್ಲದ ಪುಟ: ಅರಿವಿಲ್ಲದ ಸ್ಕ್ರೋಲಿಂಗ್‌ಗೆ ತಡೆ ಹಾಕುವುದು ಹೇಗೆ?

ಕುವೈತ್‌ನಲ್ಲಿ ರಾತ್ರಿ 8 ಗಂಟೆ ಅಂದರೆ ಮಂಗಳೂರಿನಲ್ಲಿ 10:30. ದುಬೈಯಲ್ಲಿ 8 ಆದಾಗ ಊರಲ್ಲಿ 9:30. ಕೆಲಸ ಮುಗಿಸಿ, ಬಸ್ಸಿನಲ್ಲಿ ಕ್ಯಾಂಪ್ ಸೇರಿ, ಸ್ನಾನ-ಊಟ ಆಗುವಷ್ಟರಲ್ಲಿ ಮಕ್ಕಳು ಎಚ್ಚರ ಇರುವ ಹೊತ್ತು ಉಳಿಯುವುದೇ ಅರ್ಧ ಗಂಟೆ. ಮನೆಗೆ ವಿಡಿಯೋ ಕಾಲ್ ಮಾಡಬೇಕೆಂದೇ ಮೊಬೈಲ್ ಎತ್ತಿಕೊಂಡವರು ಮೇಲೆ ಕಂಡ ಒಂದು ನೋಟಿಫಿಕೇಶನ್ ಒತ್ತುತ್ತಾರೆ. ಅಲ್ಲಿಂದ ಒಂದು ರೀಲ್ಸ್, ಅದರ ಬೆನ್ನಿಗೆ ಇನ್ನೊಂದು. ತಲೆ ಎತ್ತಿ ನೋಡುವಾಗ ಊರಲ್ಲಿ 11 ದಾಟಿರುತ್ತದೆ. ಕಾಲ್ ನಾಳೆಗೆ ಹೋಗುತ್ತದೆ.

ಇದಕ್ಕೆ ಹೆಚ್ಚಿನವರು ತಮ್ಮನ್ನೇ ಬೈದುಕೊಳ್ಳುತ್ತಾರೆ. "ನಂಗೆ ಕಂಟ್ರೋಲ್ ಇಲ್ಲ", "ನಾಳೆಯಿಂದ ಮುಟ್ಟೋದೇ ಇಲ್ಲ" ಅಂತ ಶಪಥ ಮಾಡುತ್ತಾರೆ. ಆ ಶಪಥ ಮೂರು ದಿನ ಬಾಳಿದರೆ ಹೆಚ್ಚು. ಮನಸ್ಸಿನ ದೌರ್ಬಲ್ಯ ಒಂದನ್ನೇ ದೂರಿ ಪ್ರಯೋಜನವಿಲ್ಲ. ಬೆರಳು ನಿಲ್ಲದಂತೆ ಆ ಪರದೆಯನ್ನು ಕೂತು ಯೋಚಿಸಿ ತಯಾರು ಮಾಡಲಾಗಿದೆ. ತಯಾರಿಸಿದವರೇ ಹಲವರು ಇದನ್ನು ಬಹಿರಂಗವಾಗಿ ಒಪ್ಪಿಕೊಂಡಿದ್ದಾರೆ. ವಿನ್ಯಾಸದಿಂದ ಬಂದ ಸಮಸ್ಯೆಗೆ ವಿನ್ಯಾಸದಿಂದಲೇ ಪರಿಹಾರ ಹುಡುಕಬೇಕು ಎನ್ನುವ ಮಾತು ಶುರುವಾದದ್ದೂ ಅದೇ ಊರಿನಲ್ಲಿ. ಆ ಊರು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾ.

ಎಲ್ಲ ಒಂದೇ ದಾರಿಯಲ್ಲಿ

ಸ್ಯಾನ್ ಫ್ರಾನ್ಸಿಸ್ಕೋದಿಂದ ಸ್ಯಾನ್ ಹೋಸೆಗೆ ಸುಮಾರು 80 ಕಿಲೋಮೀಟರ್. ಮಂಗಳೂರಿನಿಂದ ಕುಂದಾಪುರಕ್ಕೆ ಹೋಗುವ ದಾರಿಗಿಂತಲೂ ಕಡಿಮೆ. ಈ ದಾರಿಯ ಆಸುಪಾಸಿನಲ್ಲೇ ಸ್ಯಾನ್ ಬ್ರೂನೋದಲ್ಲಿ ಯೂಟ್ಯೂಬ್, ಮೆನ್ಲೋ ಪಾರ್ಕ್‌ನಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸಾಪ್‌ಗಳ ಒಡೆಯ ಮೆಟಾ, ಮೌಂಟನ್ ವ್ಯೂನಲ್ಲಿ ಗೂಗಲ್, ಕ್ಯುಪರ್ಟಿನೋದಲ್ಲಿ ಆಪಲ್, ಲಾಸ್ ಗ್ಯಾಟೋಸ್‌ನಲ್ಲಿ ನೆಟ್‌ಫ್ಲಿಕ್ಸ್ ಕಚೇರಿಗಳಿವೆ.

ಕನ್ನಡಿಗರಿಗೆ ಇದು ಅಪರಿಚಿತ ಜಾಗವೇನಲ್ಲ. ಉತ್ತರ ಕ್ಯಾಲಿಫೋರ್ನಿಯಾ ಕನ್ನಡ ಕೂಟ 1973ರಿಂದ ಅಲ್ಲಿದೆ. ಅಕ್ಕ ವಿಶ್ವ ಕನ್ನಡ ಸಮ್ಮೇಳನ 2014ರಲ್ಲಿ ನಡೆದದ್ದು ಸ್ಯಾನ್ ಹೋಸೆಯಲ್ಲೇ. ಅಂದರೆ ಗಲ್ಫ್‌ನ ಬೆಡ್‌ಸ್ಪೇಸ್‌ನಲ್ಲಿ ಮಲಗಿ ಸ್ಕ್ರೋಲ್ ಮಾಡುವ ಕನ್ನಡಿಗನೂ, ಆ ಪರದೆಯ ಹಿಂದಿನ ಕಂಪನಿಗಳಿರುವ ಊರಿನಲ್ಲಿ ದುಡಿಯುವ ಕನ್ನಡಿಗನೂ ಒಂದೇ ದಾರದ ಎರಡು ತುದಿಯಲ್ಲಿದ್ದಾರೆ.

ಗೆರೆ ಅಳಿಸಿದ್ದು ಹೇಗೆ?

ಹಳೆಯ ಕೈಬರಹದ ಲೆಡ್ಜರ್ ಕಂಡವರಿಗೆ ಗೊತ್ತು. ಪುಟದ ಕೊನೆಗೆ ಒಂದು ಗೆರೆ, ಗೆರೆಯ ಕೆಳಗೆ ಮೊತ್ತ, ಪಕ್ಕದಲ್ಲಿ 'ಮುಂದಿನ ಪುಟಕ್ಕೆ ಒಯ್ದದ್ದು' ಎಂಬ ಮಾತು. ಆ ಗೆರೆ ಬಂದಲ್ಲಿ ಕೈ ತಾನಾಗಿ ನಿಲ್ಲುತ್ತದೆ. ಎಷ್ಟಾಯಿತು ಅಂತ ಒಮ್ಮೆ ನೋಡಿಯೇ ಪುಟ ತಿರುಗಿಸಬೇಕು. ಪತ್ರಿಕೆಗೂ ಕೊನೆಯ ಪುಟ ಇತ್ತು. ಕ್ಯಾಸೆಟ್ಟಿನ ಒಂದು ಬದಿ ಮುಗಿದರೆ ಎದ್ದು ಹೋಗಿ ತಿರುಗಿಸಿ ಹಾಕಬೇಕಿತ್ತು. ಟಿ.ವಿ. ಧಾರಾವಾಹಿ 'ಮುಂದುವರಿಯುವುದು' ಅಂತ ಹೇಳಿ ಬಾಗಿಲು ಮುಚ್ಚುತ್ತಿತ್ತು. ಇವೆಲ್ಲ ತೊಂದರೆ ಅಂತ ಅನ್ನಿಸಿದರೂ, ಸಾಕೋ ಬೇಕೋ ಎಂದು ಕೇಳಿಕೊಳ್ಳುವ ಕ್ಷಣಗಳೂ ಅವೇ ಆಗಿದ್ದವು.

ಇಂಟರ್‌ನೆಟ್‌ನಲ್ಲೂ ಮೊದಲು ಹಾಗೇ ಇತ್ತು. ಪುಟದ ಕೊನೆಗೆ 1, 2, 3 ಅಂತ ಅಂಕಿಗಳು, ಮುಂದಿನ ಪುಟಕ್ಕೆ ಹೋಗಲು ಒತ್ತಬೇಕು. 2006ರಲ್ಲಿ ಆಜಾ ರಾಸ್ಕಿನ್ ಎಂಬ ಯುವ ವಿನ್ಯಾಸಕಾರ ಈ ಅಂಕಿಗಳನ್ನು ತೆಗೆದು, ಕೆಳಗೆ ಹೋದಂತೆಲ್ಲ ತಾನಾಗಿ ಹೊಸ ವಿಷಯ ತುಂಬಿಕೊಳ್ಳುವ ಪುಟ ರೂಪಿಸಿದರು. ಆಪಲ್‌ನಲ್ಲಿ ಮ್ಯಾಕಿಂತೋಶ್ ಯೋಜನೆ ಶುರು ಮಾಡಿದ ಜೆಫ್ ರಾಸ್ಕಿನ್ ಅವರ ಮಗ ಇವರು. ಬಳಸುವವರಿಗೆ ಅನುಕೂಲವಾಗಲಿ ಎಂಬುದೇ ಅವರ ಉದ್ದೇಶವಾಗಿತ್ತು. ಆದರೆ ಹುಡುಕಾಟದ ಪುಟಕ್ಕೆ ಅನುಕೂಲವಾದದ್ದು ಸೋಷಿಯಲ್ ಮೀಡಿಯಾದ ಕೈಗೆ ಸಿಕ್ಕಾಗ ತಳವಿಲ್ಲದ ಕೊಡವಾಯಿತು. 2018ರಲ್ಲಿ ಬಿಬಿಸಿ ಕಾರ್ಯಕ್ರಮದಲ್ಲಿ ರಾಸ್ಕಿನ್ ಅವರೇ ಇದಕ್ಕೆ ವಿಷಾದ ವ್ಯಕ್ತಪಡಿಸಿದರು. ಮನಸ್ಸಿಗೆ ಯೋಚಿಸಲು ಸಮಯವೇ ಸಿಗದಿದ್ದರೆ ಬೆರಳು ಹೋಗುತ್ತಲೇ ಇರುತ್ತದೆ ಎಂಬುದು ಅವರ ಮಾತಿನ ಸಾರ.

ಎರಡನೆಯದು, ಮೇಲಿನಿಂದ ಕೆಳಗೆ ಎಳೆದು ಬಿಟ್ಟರೆ ಹೊಸ ಪೋಸ್ಟ್ ಬರುವ ವ್ಯವಸ್ಥೆ. ಲೋರೆನ್ ಬ್ರಿಕ್ಟರ್ ಎಂಬವರು ಟ್ವೀಟಿ ಎಂಬ ಆ್ಯಪ್‌ಗಾಗಿ ಇದನ್ನು ಮಾಡಿದ್ದರು. 2010ರಲ್ಲಿ ಟ್ವಿಟರ್ ಆ ಆ್ಯಪನ್ನೇ ಕೊಂಡುಕೊಂಡಿತು. ಮೂರನೆಯದು ಫೇಸ್‌ಬುಕ್ 2009ರ ಫೆಬ್ರವರಿಯಲ್ಲಿ ತಂದ ಲೈಕ್ ಬಟನ್. ನಾಲ್ಕನೆಯದು ಒಂದು ವಿಡಿಯೋ ಮುಗಿಯುತ್ತಲೇ ಇನ್ನೊಂದು ತಾನಾಗಿ ಶುರುವಾಗುವ ಆಟೋಪ್ಲೇ. ಇಲ್ಲಿ ಮುಂದುವರಿಯಲು ಏನೂ ಮಾಡಬೇಕಿಲ್ಲ, ನಿಲ್ಲಿಸಲು ಮಾತ್ರ ಕೆಲಸ ಮಾಡಬೇಕು. ಲೆಕ್ಕ ಪೂರ್ತಿ ಉಲ್ಟಾ.

ಇವಕ್ಕೆಲ್ಲ ಶಕ್ತಿ ಕೊಡುವುದು ಒಂದು ಹಳೆಯ ತತ್ವ. ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದರು. ಗುಂಡಿ ಕುಟುಕಿದಾಗಲೆಲ್ಲ ಕಾಳು ಸಿಕ್ಕರೆ ಹಕ್ಕಿ ಹೊಟ್ಟೆ ತುಂಬಿದ ಮೇಲೆ ಬಿಡುತ್ತದೆ. ಯಾವಾಗ ಸಿಗುತ್ತದೆ ಅಂತಲೇ ಗೊತ್ತಿಲ್ಲದಿದ್ದರೆ ಬಿಡದೆ ಕುಟುಕುತ್ತದೆ. ಹೊಳೆ ಬದಿಯಲ್ಲಿ ಗಾಳ ಹಾಕಿ ಕೂತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪ್ರತಿ ಸಲವೂ ಮೀನು ಬೀಳುವುದಾದರೆ ಎರಡು ಹಿಡಿದು ಮನೆಗೆ ಹೋಗುತ್ತಿದ್ದರು. "ಈಗ ಬೀಳ್ತದೆ, ಈಗ ಬೀಳ್ತದೆ" ಅನ್ನುವುದೇ ಸಂಜೆ ತನಕ ಕೂರಿಸುತ್ತದೆ. ಹತ್ತು ರೀಲ್ಸ್‌ನಲ್ಲಿ ಎಂಟು ಸಪ್ಪೆ, ಎರಡು ಒಳ್ಳೆಯದು. ಆ ಎರಡು ಯಾವುದೆಂದು ಮೊದಲೇ ಗೊತ್ತಿಲ್ಲದಿರುವುದೇ ಗಾಳ.

ಆದಾಯದ ಖಾತೆ ನೋಡಿದರೆ ಗೊತ್ತಾಗುತ್ತದೆ

ಕಂಪನಿಗಳಿಗೆ ಇದರಿಂದ ಏನು ಲಾಭ ಎಂಬ ಪ್ರಶ್ನೆಗೆ ಉತ್ತರ ಅವುಗಳ ಬ್ಯಾಲೆನ್ಸ್ ಶೀಟ್ ಜೊತೆ ಬರುವ ಆದಾಯ ಪಟ್ಟಿಯಲ್ಲೇ ಇದೆ. ಮೆಟಾದ 2024ರ ಒಟ್ಟು ಆದಾಯ ಸುಮಾರು 164 ಶತಕೋಟಿ ಡಾಲರ್. ಅದರಲ್ಲಿ ಜಾಹೀರಾತಿನಿಂದ ಬಂದದ್ದು ಸುಮಾರು 160 ಶತಕೋಟಿ. ಅಂದರೆ 100 ಡಾಲರ್‌ನಲ್ಲಿ 97ಕ್ಕೂ ಹೆಚ್ಚು. ಸಾಮಾನ್ಯ ಬಳಕೆಗೆ ಕಂಪನಿ ಹೆಚ್ಚಿನವರಿಂದ ಒಂದು ಫಿಲ್ಸ್ ಕೂಡ ಕೇಳುವುದಿಲ್ಲ. ಜಾಹೀರಾತುದಾರರಿಗೆ ಮಾರಾಟವಾಗುವುದು ಬಳಸುವವರ ಗಮನ. ಅಂಗಡಿಯ ಭಾಷೆಯಲ್ಲಿ ಹೇಳುವುದಾದರೆ ನೋಡುವವನು ಗಿರಾಕಿ ಅಲ್ಲ, ಗೋದಾಮಿನಲ್ಲಿರುವ ಸರಕು. ಸರಕು ಹೆಚ್ಚು ಹೊತ್ತು ಕಪಾಟಿನಲ್ಲಿದ್ದಷ್ಟೂ ಬಿಲ್ ಹೆಚ್ಚು.

ನೆಟ್‌ಫ್ಲಿಕ್ಸ್‌ಗೆ ಬರುವುದು ಚಂದಾ ಹಣ. ಆದರೂ ಅದರ ಮುಖ್ಯಸ್ಥರಾಗಿದ್ದ ರೀಡ್ ಹೇಸ್ಟಿಂಗ್ಸ್ 2017ರಲ್ಲಿ ತಮ್ಮ ಪೈಪೋಟಿ ಜನರ ನಿದ್ದೆಯ ಜೊತೆಗೆ ಅಂತ ಹೇಳಿದ್ದರು. ಬೆಳಗ್ಗೆ 4 ಗಂಟೆಗೆ ಎದ್ದು ಕ್ಯಾಂಪ್ ಬಸ್ ಹಿಡಿಯುವವರಿಗೆ ಇದು ತಮಾಷೆಯ ಮಾತಲ್ಲ. ನಿದ್ದೆಗೆಟ್ಟ ಕಣ್ಣಿನಲ್ಲಿ ಅಟ್ಟಣಿಗೆ ಹತ್ತುವವರು, ಟ್ರೈಲರ್ ಓಡಿಸುವವರು, ಬೇಸಿಗೆಯ ಬಿಸಿಲಿನಲ್ಲಿ ದುಡಿಯುವವರು ಆ ಪೈಪೋಟಿಯ ನಷ್ಟವನ್ನು ತಮ್ಮ ಮೈಮೇಲೆ ಹೊರುತ್ತಾರೆ.

ಮಾಡಿದವರೇ ಮಾತು ಬದಲಿಸಿದಾಗ

2013ರಲ್ಲಿ ಗೂಗಲ್ ಉದ್ಯೋಗಿ ಟ್ರಿಸ್ಟನ್ ಹ್ಯಾರಿಸ್ ಸಹೋದ್ಯೋಗಿಗಳಿಗೆ ಒಂದು ಸ್ಲೈಡ್ ಕಡತ ಕಳಿಸಿದರು. ಕೋಟ್ಯಂತರ ಜನರ ಗಮನ ನಮ್ಮ ಕೈಯಲ್ಲಿದೆ, ಅದಕ್ಕೆ ಮರ್ಯಾದೆ ಕೊಡುವ ಜವಾಬ್ದಾರಿಯೂ ನಮ್ಮದು ಎನ್ನುವುದು ಅದರ ಹೂರಣ. ಕಂಪನಿಯೊಳಗೆ ಅದು ಕೈಯಿಂದ ಕೈಗೆ ಹೋಯಿತು. ಕೆಲವು ವರ್ಷಗಳ ನಂತರ ಅವರು ಗೂಗಲ್ ಬಿಟ್ಟರು. 2018ರಲ್ಲಿ ಆಜಾ ರಾಸ್ಕಿನ್ ಮತ್ತಿತರರ ಜೊತೆ ಸೇರಿ ಸೆಂಟರ್ ಫಾರ್ ಹ್ಯೂಮೇನ್ ಟೆಕ್ನಾಲಜಿ ಎಂಬ ಸಂಸ್ಥೆ ಕಟ್ಟಿದರು. 2020ರಲ್ಲಿ ಬಂದ 'ದಿ ಸೋಷಿಯಲ್ ಡಿಲೆಮಾ' ಸಾಕ್ಷ್ಯಚಿತ್ರದಲ್ಲಿ ಇವರ ವಾದವೇ ಮುಖ್ಯ.

ಲೈಕ್ ಬಟನ್ ತಯಾರಿಸಿದ ತಂಡದಲ್ಲಿದ್ದ ಜಸ್ಟಿನ್ ರೋಸೆನ್‌ಸ್ಟೀನ್, ತಮ್ಮ ಫೋನಿನಲ್ಲಿ ಹೊಸ ಆ್ಯಪ್ ಹಾಕಲು ಆಗದಂತೆ ಸಹಾಯಕರಿಂದ ಬೀಗ ಹಾಕಿಸಿಕೊಂಡಿದ್ದನ್ನು 2017ರಲ್ಲಿ ಹೇಳಿದ್ದರು. ಮಕ್ಕಳಿಗಾಗಿ ಇರುವ ನಿಯಂತ್ರಣವನ್ನು ತಮಗೇ ಬಳಸಿಕೊಂಡರು. ಬೀಗದ ಕೀಲಿ ಇನ್ನೊಬ್ಬರ ಕೈಯಲ್ಲಿ. ಈ ಉಪಾಯ ಮುಂದೆ ಕೆಲಸಕ್ಕೆ ಬರುತ್ತದೆ.

2018ರ ಜನವರಿಯಲ್ಲಿ ಆಪಲ್‌ನ ಷೇರುದಾರರಿಂದಲೇ ಪತ್ರ ಬಂತು. ಕ್ಯಾಲಿಫೋರ್ನಿಯಾ ಶಿಕ್ಷಕರ ಪಿಂಚಣಿ ನಿಧಿ ಮತ್ತು ಜಾನಾ ಪಾರ್ಟ್‌ನರ್ಸ್ ಎಂಬ ಹೂಡಿಕೆ ಸಂಸ್ಥೆ, ಇಬ್ಬರ ಕೈಯಲ್ಲಿದ್ದ ಷೇರಿನ ಬೆಲೆ ಸುಮಾರು 2 ಶತಕೋಟಿ ಡಾಲರ್. ಮಕ್ಕಳ ಫೋನ್ ಬಳಕೆ ಬಗ್ಗೆ ಏನಾದರೂ ಮಾಡಿ ಎಂದು ಅವರು ಕೇಳಿದರು. ಅದೇ ಜನವರಿ ಕೊನೆಗೆ ಫೇಸ್‌ಬುಕ್ ಒಂದು ಅಂಕಿ ಹೇಳಿತು. ವೈರಲ್ ವಿಡಿಯೋ ತೋರಿಸುವುದನ್ನು ಕಡಿಮೆ ಮಾಡಿದ್ದರಿಂದ ಜನ ಫೇಸ್‌ಬುಕ್‌ನಲ್ಲಿ ಕಳೆಯುವ ಸಮಯ ದಿನಕ್ಕೆ ಸುಮಾರು 5 ಕೋಟಿ ಗಂಟೆ ಇಳಿದಿದೆ ಅಂತ. ಜನರಿಗೆ ಯಾರೂ ಉಪದೇಶ ಮಾಡಲಿಲ್ಲ, ಯಾರೂ ಶಪಥ ತೊಡಲಿಲ್ಲ. ಪರದೆ ಬದಲಾಯಿತು, ಗಂಟೆ ಇಳಿಯಿತು. ವಿನ್ಯಾಸದ ಕೈ ಎಷ್ಟು ಉದ್ದ ಎನ್ನುವುದಕ್ಕೆ ಕಂಪನಿಯೇ ಕೊಟ್ಟ ಲೆಕ್ಕ ಇದು.

ಆ ವರ್ಷ ಮೇ ತಿಂಗಳಲ್ಲಿ ಗೂಗಲ್ ಡಿಜಿಟಲ್ ವೆಲ್‌ಬೀಯಿಂಗ್, ಜೂನ್‌ನಲ್ಲಿ ಆಪಲ್ ಸ್ಕ್ರೀನ್ ಟೈಮ್ ಘೋಷಿಸಿದವು. ಜುಲೈಯಲ್ಲಿ ಇನ್‌ಸ್ಟಾಗ್ರಾಂ, ಹಿಂದಿನ ಎರಡು ದಿನದ ಪೋಸ್ಟ್ ಎಲ್ಲ ನೋಡಿದವರಿಗೆ 'ಎಲ್ಲ ನೋಡಿ ಆಯಿತು' ಎಂದು ಹೇಳುವ ಹಸಿರು ಗುರುತು ತಂದಿತು. ಲೆಡ್ಜರ್‌ನ ಗೆರೆ ಮತ್ತೆ ಬಂದಂತಾಯಿತು! ಆದರೆ 2020ರ ಆಗಸ್ಟ್‌ನಲ್ಲಿ ಆ ಗೆರೆಯ ಕೆಳಗೇ 'ನಿಮಗೆ ಸೂಚಿಸಿದ ಪೋಸ್ಟ್‌ಗಳು' ಶುರುವಾದವು. ಮೊತ್ತ ಬರೆದು, ಗೆರೆ ಎಳೆದು, ಕೆಳಗೆ ಮತ್ತೆ ಖರ್ಚು ಬರೆದ ಹಾಗೆ. ಆದ್ದರಿಂದ ಗೆರೆ ಎಳೆಯುವ ಕೆಲಸವನ್ನು ಕಂಪನಿಗೆ ಬಿಟ್ಟು ಕೂರುವಂತಿಲ್ಲ.

ಖರ್ಚಾದ ಮೇಲಿನ ಲೆಕ್ಕ, ಖರ್ಚಿಗೆ ಮೊದಲಿನ ಸಹಿ

ಯಾವುದೇ ಆಫೀಸಿನಲ್ಲಿ ಹಣಕ್ಕೆ ಎರಡು ಬಗೆಯ ಕಾವಲು ಇರುತ್ತದೆ. ಒಂದು, ಹಣ ಹೋದ ನಂತರ ತಪ್ಪು ಹುಡುಕುವುದು. ಆಡಿಟ್, ಬ್ಯಾಂಕ್ ತಾಳೆ ಎಲ್ಲ ಈ ಗುಂಪಿಗೆ ಸೇರುತ್ತವೆ. ಇನ್ನೊಂದು, ಹಣ ಹೊರಗೆ ಹೋಗುವ ಮೊದಲೇ ತಡೆಯುವುದು. ವೋಚರ್ ಮೇಲೆ ಸಹಿ ಇಲ್ಲದೆ ಕ್ಯಾಷಿಯರ್ ಪೆಟ್ಟಿಗೆ ತೆರೆಯುವಂತಿಲ್ಲ ಎನ್ನುವ ನಿಯಮ ಹಾಗೆ. ಎರಡೂ ಬೇಕು. ಆದರೆ ಸಣ್ಣ ಸಣ್ಣ ಖರ್ಚು ದಿನಕ್ಕೆ ನೂರು ಸಲ ಆಗುವಲ್ಲಿ ವಾರದ ಕೊನೆಯ ಲೆಕ್ಕದಿಂದ ಏನೂ ನಿಲ್ಲುವುದಿಲ್ಲ.

ಫೋನಿನಲ್ಲಿ ಭಾನುವಾರ ಬರುವ 'ನಿಮ್ಮ ಸ್ಕ್ರೀನ್ ಟೈಮ್ ದಿನಕ್ಕೆ ಸರಾಸರಿ 5 ಗಂಟೆ' ಎಂಬ ವರದಿ ಮೊದಲ ಬಗೆಯದು. ನೋಡಿ "ಅಯ್ಯೋ ದೇವ್ರೆ" ಅಂತ ಹೇಳಿ ಒರೆಸಿಬಿಡುತ್ತೇವೆ. ಐಫೋನಿನಲ್ಲಿ ಮಿತಿ ಹಾಕಿದರೂ ಸಮಯ ಮುಗಿದಾಗ 'ಇಗ್ನೋರ್ ಲಿಮಿಟ್' ಅಂತ ಒಂದು ಬಾಗಿಲು ತೆರೆದೇ ಇರುತ್ತದೆ. ಸ್ವಂತ ವೋಚರ್‌ಗೆ ಸ್ವಂತ ಸಹಿ ಹಾಕಿದ ಹಾಗೆ.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಮ್ಯಾಥ್ಯೂ ಗೆಂಟ್ಸ್‌ಕೋ ಮತ್ತು ಸಂಗಡಿಗರು ಅಮೆರಿಕದಲ್ಲಿ ಸುಮಾರು 2,000 ಜನರ ಮೇಲೆ ನಡೆಸಿದ ಪ್ರಯೋಗ 2022ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಪ್ರತಿ ಆ್ಯಪ್‌ಗೆ ದಿನದ ಮಿತಿಯನ್ನು ತಾವೇ ಹಾಕಿಕೊಳ್ಳುವ ಅವಕಾಶ ಕೊಟ್ಟರು. ಹಾಕಿದ ಮಿತಿ ಜಾರಿಯಾಗುವುದು ಮರುದಿನದಿಂದ. ಯಾರೂ ಬಲವಂತ ಮಾಡಲಿಲ್ಲ, ದುಡ್ಡೂ ಕೊಡಲಿಲ್ಲ. ಆದರೂ ಸೋಷಿಯಲ್ ಮೀಡಿಯಾ ಮತ್ತು ಬ್ರೌಸರ್ ಬಳಕೆ ದಿನಕ್ಕೆ ಸುಮಾರು 22 ನಿಮಿಷ, ಅಂದರೆ ಶೇಕಡಾ 16ರಷ್ಟು ಇಳಿಯಿತು. ಸೋಷಿಯಲ್ ಮೀಡಿಯಾ ಬಳಕೆಯ ಶೇ. 31ರಷ್ಟು ಭಾಗ ಸ್ವನಿಯಂತ್ರಣದ ಕೊರತೆಯಿಂದ ಆಗುವಂಥದ್ದು ಎಂದು ಅವರು ಲೆಕ್ಕ ಹಾಕಿದರು. ಮನುಷ್ಯ ತಲೆ ತಣ್ಣಗಿರುವಾಗ ನಾಳೆಗೆ ಹಾಕಿಕೊಳ್ಳುವ ನಿಯಮ, ರಾತ್ರಿ ಹಾಸಿಗೆಯಲ್ಲಿ ಮಾಡುವ ತೀರ್ಮಾನಕ್ಕಿಂತ ಗಟ್ಟಿ ಎಂಬುದು ಇದರ ಪಾಠ.

ಬಾಗಿಲಲ್ಲೇ ತಡೆಯುವುದಕ್ಕೆ ಇನ್ನೊಂದು ಉದಾಹರಣೆ ಜರ್ಮನಿಯಲ್ಲಿ ತಯಾರಾದ 'ಒನ್ ಸೆಕ್' ಎಂಬ ಆ್ಯಪ್. ಇನ್‌ಸ್ಟಾಗ್ರಾಂ ಒತ್ತಿದರೆ ಕೂಡಲೇ ತೆರೆಯುವುದಿಲ್ಲ. ಮೊದಲು ಒಂದು ಉಸಿರು ಎಳೆದು ಬಿಡುವಷ್ಟು ಕಾಯಿಸುತ್ತದೆ, ಈ ಆ್ಯಪ್ ತೆರೆಯಲು ಎಷ್ಟು ಸಲ ಪ್ರಯತ್ನಿಸಿದ್ದೀರಿ ಅಂತ ತೋರಿಸುತ್ತದೆ, ಆಮೇಲೆ ಹೋಗಬೇಕೋ ಬೇಡವೋ ಅಂತ ಕೇಳುತ್ತದೆ. 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 280 ಜನ ಆರು ವಾರ ಇದನ್ನು ಬಳಸಿದರು. ನೂರಕ್ಕೆ 36 ಸಲ ಅವರು "ಬೇಡ" ಅಂತ ವಾಪಸ್ ಬಂದರು. ಆ್ಯಪ್ ಮಾಡಿದವರೂ ಅಧ್ಯಯನದ ಲೇಖಕರಲ್ಲಿ ಒಬ್ಬರು ಎಂಬುದನ್ನು ನೆನಪಿಟ್ಟುಕೊಂಡೇ ಈ ಅಂಕಿಯನ್ನು ಓದಬೇಕು. ಆದರೂ ಮೂರರಲ್ಲಿ ಒಂದು ಸಲಕ್ಕಿಂತ ಹೆಚ್ಚು, ಕೈ ಹೋಗಿತ್ತೇ ಹೊರತು ಮನಸ್ಸಿಗೆ ಅದು ಬೇಕಾಗಿರಲಿಲ್ಲ ಎನ್ನುವುದು ಸ್ಪಷ್ಟ.

ಮೂರು ಕಂಬ, ಎರಡನ್ನು ಅಲ್ಲಾಡಿಸಿದರೆ ಸಾಕು

ಸ್ಟ್ಯಾನ್‌ಫರ್ಡ್‌ನಲ್ಲಿ 1998ರಲ್ಲಿ ಪರ್ಸುವೇಸಿವ್ ಟೆಕ್ನಾಲಜಿ ಲ್ಯಾಬ್ ಶುರು ಮಾಡಿದ ಬಿ.ಜೆ. ಫಾಗ್ ಒಂದು ಸರಳ ಸೂತ್ರ ಕೊಟ್ಟಿದ್ದಾರೆ. ಯಾವುದೇ ನಡವಳಿಕೆ ಆಗಬೇಕಾದರೆ ಮೂರು ಸಂಗತಿ ಒಂದೇ ಹೊತ್ತಿಗೆ ಕೂಡಬೇಕು: ಆಸೆ, ಸುಲಭ, ಸೂಚನೆ. ಇನ್‌ಸ್ಟಾಗ್ರಾಂ ಸಹ-ಸಂಸ್ಥಾಪಕ ಮೈಕ್ ಕ್ರೀಗರ್ ಇವರ ವಿದ್ಯಾರ್ಥಿಯಾಗಿದ್ದವರು. ಟ್ರಿಸ್ಟನ್ ಹ್ಯಾರಿಸ್ ಕೂಡ ಅಲ್ಲೇ ಕಲಿತವರು. ಜನರನ್ನು ಎಳೆಯಲು ಬಳಕೆಯಾದ ಸೂತ್ರವನ್ನೇ ತಿರುಗಿಸಿ ಹಿಡಿದರೆ ತಡೆಯಲೂ ಬರುತ್ತದೆ.

ಆಸೆಯನ್ನು ಕಡಿಮೆ ಮಾಡುವುದು ಕಷ್ಟ. ದಿನವಿಡೀ ದುಡಿದು, ಊರು ಬಿಟ್ಟು, ಎಂಟು ಜನರ ರೂಮಿನಲ್ಲಿ ಒಬ್ಬಂಟಿಯಾಗಿ ಮಲಗಿದವರಿಗೆ ನಗಿಸುವ ಒಂದು ವಿಡಿಯೋ ಬೇಕೆನಿಸುವುದು ತಪ್ಪಲ್ಲ. ಉಳಿದ ಎರಡು ಕಂಬ ಕೈಗೆ ಸಿಗುವಂಥವು. ಸೂಚನೆ ತೆಗೆಯಬಹುದು, ಸುಲಭವನ್ನು ಸ್ವಲ್ಪ ಕಷ್ಟ ಮಾಡಬಹುದು.

ಗಲ್ಫ್‌ನಲ್ಲಿ ಫೋನ್ ಬಿಡುವ ಮಾತೇ ಇಲ್ಲ. ಮನೆಯ ಕಾಲ್, ಹಣ ಕಳಿಸುವುದು, ರೂಪಾಯಿ ರೇಟ್, ಬ್ಯಾಂಕಿನ ಒಟಿಪಿ, ಸರಕಾರಿ ಆ್ಯಪ್‌ಗಳು, ಫೋರ್‌ಮನ್ ಮೆಸೇಜ್ ಎಲ್ಲವೂ ಅದರಲ್ಲೇ. ಹಾಗಾಗಿ ಮೊದಲು ಫೋನಿನೊಳಗಿನ ಸಾಮಾನನ್ನು ಎರಡು ಖಾತೆಗೆ ಹಂಚಬೇಕು: ಅಗತ್ಯ ಮತ್ತು ಅಭ್ಯಾಸ. ಗುರುತಿಸುವುದು ಸುಲಭ. ಕೆಲಸ ಮುಗಿದ ಕೂಡಲೇ ತಾನಾಗಿ ಕೆಳಗಿಡುವಂಥದ್ದು ಅಗತ್ಯ, ಮುಗಿಯುವುದೇ ಇಲ್ಲದ್ದು ಅಭ್ಯಾಸ. ಬ್ಯಾಂಕ್ ಆ್ಯಪ್‌ನಲ್ಲಿ ಯಾರೂ ಒಂದು ಗಂಟೆ ಕಳೆದುಹೋಗುವುದಿಲ್ಲ.

ಸೂಚನೆ ತೆಗೆಯುವುದು: ಅಭ್ಯಾಸದ ಆ್ಯಪ್‌ಗಳ ನೋಟಿಫಿಕೇಶನ್ ಪೂರ್ತಿ ಆಫ್ ಮಾಡಬೇಕು. ಮನೆಯವರ ಕಾಲ್, ಮೆಸೇಜ್ ಮಾತ್ರ ಶಬ್ದ ಮಾಡಲಿ. ನೂರಾರು ಜನರ ವಾಟ್ಸಾಪ್ ಗ್ರೂಪ್‌ಗಳನ್ನು ಮ್ಯೂಟ್ ಮಾಡಿದರೆ ಯಾರಿಗೂ ಗೊತ್ತಾಗುವುದಿಲ್ಲ, ಯಾರಿಗೂ ಬೇಸರವೂ ಇಲ್ಲ. ಫೋನಿನ ಮೊದಲ ಪರದೆಯಲ್ಲಿ ಅಗತ್ಯದ ಆ್ಯಪ್ ಮಾತ್ರ ಇಡಬೇಕು. ಗಂಟೆ ಎಷ್ಟಾಯಿತು ಅಂತ ನೋಡಲು ಫೋನ್ ಎತ್ತುವುದೇ ಎಷ್ಟೋ ಸಲ ಆರಂಭ. ಕೈಗೊಂದು ಅಗ್ಗದ ವಾಚ್, ತಲೆದಿಂಬಿನ ಬಳಿ ಅಲಾರಂ ಗಡಿಯಾರ ಇದ್ದರೆ ಆ ದಾರಿ ಮುಚ್ಚುತ್ತದೆ.

ಸುಲಭವನ್ನು ಕಷ್ಟ ಮಾಡುವುದು: ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಆ್ಯಪ್ ತೆಗೆದು ಬ್ರೌಸರ್ ಮೂಲಕ ನೋಡಬಹುದು. ಪ್ರತಿ ಸಲ ಲಾಗ್ ಔಟ್ ಮಾಡಿದರೆ ಪಾಸ್‌ವರ್ಡ್ ಹೊಡೆಯುವಷ್ಟರಲ್ಲಿ ಮನಸ್ಸು ಎಚ್ಚರಾಗುತ್ತದೆ. ಯೂಟ್ಯೂಬ್‌ನಲ್ಲಿ ಆಟೋಪ್ಲೇ ಆಫ್ ಮಾಡಬಹುದು. ವಾಚ್ ಹಿಸ್ಟರಿ ಆಫ್ ಮಾಡಿ, ಹಳೆಯದನ್ನೂ ಅಳಿಸಿದರೆ ಮೊದಲ ಪುಟದಲ್ಲಿ ಶಿಫಾರಸುಗಳೇ ಬರುವುದಿಲ್ಲ. ಏನು ಬೇಕೋ ಅದನ್ನು ಹುಡುಕಿ ನೋಡಬೇಕು. ಯಕ್ಷಗಾನ ಬೇಕಾದವರಿಗೆ ಯಕ್ಷಗಾನವೇ ಸಿಗುತ್ತದೆ, ದಾರಿಯಲ್ಲಿ ಹತ್ತು ಕಡೆ ಬಸ್ ನಿಲ್ಲುವುದಿಲ್ಲ. ಮಲಗುವ ಹೊತ್ತಿಗೆ ಪರದೆ ತಾನಾಗಿ ಕಪ್ಪು-ಬಿಳುಪಾಗುವಂತೆ ಆಂಡ್ರಾಯ್ಡ್‌ನ ಬೆಡ್‌ಟೈಮ್ ಮೋಡ್‌ನಲ್ಲಿ ಹೊಂದಿಸಬಹುದು. ಬಣ್ಣ ಹೋದರೆ ರುಚಿಯೂ ಸ್ವಲ್ಪ ಹೋಗುತ್ತದೆ.

ಸಹಿ ಬೇರೆಯವರಿಗೆ ಕೊಡುವುದು: ಐಫೋನ್ ಸ್ಕ್ರೀನ್ ಟೈಮ್‌ನಲ್ಲಿ ಪಾಸ್‌ಕೋಡ್ ಇಟ್ಟು, ಮಿತಿ ಮುಗಿದಾಗ ಬ್ಲಾಕ್ ಆಗುವ ಆಯ್ಕೆ ಒತ್ತಿದರೆ ಆ ಹಿಂಬಾಗಿಲು ಮುಚ್ಚುತ್ತದೆ. ಪಾಸ್‌ಕೋಡನ್ನು ನಂಬಿಕೆಯ ರೂಮ್‌ಮೇಟ್ ಅಥವಾ ಊರಲ್ಲಿರುವ ಹೆಂಡತಿ ಹಾಕಿಕೊಡಬಹುದು. ವಿಡಿಯೋ ಕಾಲ್‌ನಲ್ಲಿ "ಇನ್ನು 15 ನಿಮಿಷ ಕೊಡು ಮಾರಾಯ್ತಿ" ಅಂತ ಕೇಳಬೇಕಾಗಿ ಬಂದರೆ ಅರ್ಧ ಆಸೆ ಅಲ್ಲೇ ಇಳಿಯುತ್ತದೆ.

ಜಾಗದ ವಿನ್ಯಾಸ: 2014ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶುರುವಾದ ಯಾಂಡರ್ ಎಂಬ ಕಂಪನಿ ಶಾಲೆ, ಸಂಗೀತ ಕಾರ್ಯಕ್ರಮಗಳಿಗೆ ಬೀಗ ಹಾಕುವ ಬಟ್ಟೆಯ ಚೀಲ ಮಾರುತ್ತದೆ. ಫೋನ್ ಒಡೆಯನ ಹತ್ತಿರವೇ ಇರುತ್ತದೆ, ಆದರೆ ಚೀಲದೊಳಗೆ. ರೂಮಿನಲ್ಲಿ ಇದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಚಾರ್ಜರ್‌ಗಳನ್ನು ಮಂಚದ ಪಕ್ಕದಿಂದ ತೆಗೆದು ಬಾಗಿಲ ಬಳಿಯ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದರೆ ಸಾಕು. ಊರಿಂದ ತುರ್ತು ಕಾಲ್ ಬಂದರೆ ರಿಂಗ್ ಕೇಳಿಸುತ್ತದೆ. ಸುಮ್ಮನೆ ನೋಡಬೇಕಾದರೆ ಎದ್ದು ಹೋಗಬೇಕು. ಇಡೀ ರೂಮ್ ಒಪ್ಪಿಕೊಂಡರೆ ಇನ್ನೂ ಒಳ್ಳೆಯದು, ಪಕ್ಕದ ಮಂಚದ ಬೆಳಕೂ ಶಬ್ದವೂ ಇಲ್ಲದೆ ಎಲ್ಲರಿಗೂ ನಿದ್ದೆ.

ಗೆರೆ ಎಳೆದು ಕೂರುವುದು: ಆಸೆಯನ್ನು ಪೂರ್ತಿ ಕೊಲ್ಲಬೇಕಾಗಿಲ್ಲ. ಎಮಿರೇಟ್ಸ್‌ನಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ ಬಿಸಿಲಿನಲ್ಲಿ ಕೆಲಸ ಮಾಡುವವರಿಗೆ ಮಧ್ಯಾಹ್ನ 12:30ರಿಂದ 3ರ ತನಕ ಬಿಡುವು. ಮೈ ತಣಿಸಿ ಕಣ್ಣು ಮುಚ್ಚುವುದಕ್ಕೆ ಇರುವ ಹೊತ್ತು ಅದು. ಅದರಲ್ಲಿ 20 ನಿಮಿಷ ಅಂತ ಟೈಮರ್ ಇಟ್ಟು ನೋಡಿ, ಗಂಟೆ ಹೊಡೆದಾಗ ಮುಚ್ಚಿದರೆ ಅದು ಮನರಂಜನೆ. ಟೈಮರ್ ಇಲ್ಲದೆ ಕೂತರೆ ವಿಶ್ರಾಂತಿಯೂ ಇಲ್ಲ, ಮನರಂಜನೆಯೂ ಇಲ್ಲ.

ಉಳಿದ ಹೊತ್ತು ಯಾವ ಖಾತೆಗೆ?

ಇದನ್ನು ಮರೆತವರ ಪ್ರಯತ್ನ ಬೇಗ ಬೀಳುತ್ತದೆ. ಗೆಂಟ್ಸ್‌ಕೋ ಮತ್ತು ಸಂಗಡಿಗರು 2018ರಲ್ಲಿ ಮಾಡಿದ ಇನ್ನೊಂದು ಪ್ರಯೋಗದಲ್ಲಿ ಜನರಿಗೆ ಹಣ ಕೊಟ್ಟು ನಾಲ್ಕು ವಾರ ಫೇಸ್‌ಬುಕ್ ನಿಲ್ಲಿಸಿದರು. ದಿನಕ್ಕೆ ಸರಾಸರಿ 60 ನಿಮಿಷ ಉಳಿಯಿತು. ಅದರಲ್ಲಿ ಸ್ವಲ್ಪ ಮನೆಯವರು-ಸ್ನೇಹಿತರ ಜೊತೆಗೆ ಹೋಯಿತು, ಸ್ವಲ್ಪ ಒಬ್ಬರೇ ಕೂತು ಟಿ.ವಿ. ನೋಡುವುದಕ್ಕೆ ಹೋಯಿತು. ಮನಸ್ಸಿನ ನೆಮ್ಮದಿ ಸ್ವಲ್ಪ ಹೆಚ್ಚಿತು. ಪ್ರಯೋಗ ಮುಗಿದ ಮೇಲೂ ಜನ ಮೊದಲಿನಷ್ಟು ಬಳಸಲಿಲ್ಲ.

ದಿನಕ್ಕೆ 45 ನಿಮಿಷ ಅಂತ ಇಟ್ಟುಕೊಂಡರೂ ವರ್ಷಕ್ಕೆ ಸುಮಾರು 274 ಗಂಟೆ. ಎಂಟು ಗಂಟೆಯ ಪಾಳಿಯಾಗಿ ಭಾಗಿಸಿದರೆ 34 ದಿನ. ಎಮಿರೇಟ್ಸ್‌ನಲ್ಲಿ ಕಾನೂನು ಕೊಡುವ ವಾರ್ಷಿಕ ರಜೆಯೇ 30 ದಿನ. ಆ ರಜೆಗಾಗಿ ವರ್ಷವಿಡೀ ಕ್ಯಾಲೆಂಡರ್ ಮೇಲೆ ಗೀಟು ಹಾಕುವವರು, ಅದಕ್ಕಿಂತ ದೊಡ್ಡ ಮೊತ್ತವನ್ನು ರಸೀದಿ ಇಲ್ಲದೆ ಕೊಡುತ್ತಿದ್ದಾರೆ. ಆ ಹೊತ್ತಿನಲ್ಲಿ ಅರ್ಧ ನಿದ್ದೆಗೆ, ಕಾಲುಭಾಗ ಮನೆಯ ಕಾಲ್‌ಗೆ, ಉಳಿದದ್ದು ಡ್ರೈವಿಂಗ್ ಲೈಸೆನ್ಸ್ ಪಾಠಕ್ಕೋ ಅರಬಿ ಮಾತು ಕಲಿಯುವುದಕ್ಕೋ ಕೇರಂ ಬೋರ್ಡಿಗೋ ಅಂತ ಮೊದಲೇ ಬರೆದಿಟ್ಟರೆ ಖಾಲಿ ಜಾಗ ಮತ್ತೆ ರೀಲ್ಸ್‌ನಿಂದ ತುಂಬುವುದಿಲ್ಲ.

ಅಭ್ಯಾಸ ಮೀರಿ ಹೋದಾಗ

ಕೆಲವರಲ್ಲಿ ಇದು ಅಭ್ಯಾಸದ ಮಟ್ಟ ದಾಟಿರುತ್ತದೆ. ನಿದ್ದೆ ಪೂರ್ತಿ ಕೆಟ್ಟು, ಕೆಲಸಕ್ಕೆ ತೊಂದರೆಯಾಗಿ, ಫೋನ್ ಇಲ್ಲದಿದ್ದರೆ ಸಿಟ್ಟು-ಚಡಪಡಿಕೆ ಆಗುವವರಿಗೆ ಸೆಟ್ಟಿಂಗ್ ಬದಲಿಸಿದರೆ ಸಾಲದು. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಇದಕ್ಕಾಗಿ 'ಶಟ್' ಕ್ಲಿನಿಕ್ ಆರಂಭಿಸಿದೆ. ರಜೆಯಲ್ಲಿ ಊರಿಗೆ ಹೋದವರು, ಅಥವಾ ಊರಲ್ಲಿರುವ ಮಗ-ಮಗಳ ಬಗ್ಗೆ ಚಿಂತೆ ಇರುವವರು ಅಲ್ಲಿಗೆ ಹೋಗಬಹುದು. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಕ್ಯಾಲಿಫೋರ್ನಿಯಾ ಈಗ ಕಾನೂನಿನ ದಾರಿಯನ್ನೂ ಹಿಡಿದಿದೆ. 2023ರ ಅಕ್ಟೋಬರ್‌ನಲ್ಲಿ ಆ ರಾಜ್ಯವೂ ಸೇರಿ 33 ರಾಜ್ಯಗಳು ಮೆಟಾ ವಿರುದ್ಧ ಅಲ್ಲಿನ ಫೆಡರಲ್ ಕೋರ್ಟಿನಲ್ಲಿ ಜಂಟಿ ದಾವೆ ಹೂಡಿದವು. 2024ರ ಸೆಪ್ಟೆಂಬರ್‌ನಲ್ಲಿ ಮಕ್ಕಳಿಗೆ ಚಟ ಹತ್ತಿಸುವ ಫೀಡ್‌ಗಳಿಗೆ ಕಡಿವಾಣ ಹಾಕುವ ಮಸೂದೆಗೆ ಗವರ್ನರ್ ಸಹಿ ಹಾಕಿದರು. ಕಂಪನಿಗಳ ಸಂಘ ಅದನ್ನು ಕೋರ್ಟಿನಲ್ಲಿ ಪ್ರಶ್ನಿಸಿತು. ಶಾಲೆಗಳಲ್ಲಿ ಫೋನ್ ಬಳಕೆಗೆ ಮಿತಿ ಹಾಕುವ ನೀತಿಯನ್ನು 2026ರ ಜುಲೈ 1ರೊಳಗೆ ರೂಪಿಸಬೇಕೆಂಬ ಕಾನೂನೂ ಅದೇ ತಿಂಗಳು ಬಂತು.

ಇವೆಲ್ಲ ಅಲ್ಲಿನ ಮಕ್ಕಳಿಗೆ. ಶಾರ್ಜಾದ, ದಮ್ಮಾಮ್‌ನ, ದೋಹಾದ ರೂಮಿನಲ್ಲಿರುವ ದೊಡ್ಡವರಿಗೆ ಯಾವ ಗವರ್ನರೂ ಸಹಿ ಹಾಕಿ ಕೊಡುವುದಿಲ್ಲ. ಒಂದೇ ದಿನ ಎಲ್ಲ ಮಾಡಲು ಹೋದರೆ ಯಾವುದೂ ನಿಲ್ಲುವುದಿಲ್ಲ. ಈ ವಾರ ಚಾರ್ಜರಿನ ಜಾಗ ಬದಲಿಸುವುದು, ಮುಂದಿನ ವಾರ ನೋಟಿಫಿಕೇಶನ್, ಅದರ ಮುಂದಿನ ವಾರ ಪಾಸ್‌ಕೋಡ್. ತಿಂಗಳ ಕೊನೆಗೆ ಸ್ಕ್ರೀನ್ ಟೈಮ್ ವರದಿ ತೆಗೆದು ಹಿಂದಿನ ತಿಂಗಳಿನ ಜೊತೆ ತಾಳೆ ನೋಡಿದರೆ ವ್ಯತ್ಯಾಸ ಎಷ್ಟೆಂದು ಅಂಕಿಯೇ ಹೇಳುತ್ತದೆ.